ಪದವಿಗಾಗಿ ಹೊಲ ಮಾರುವ ಮುನ್ನ



ಪಿ.ಯು.ಸಿ. ಫಲಿತಾಂಶ ಬಂದೊಡನೆ ಹಳ್ಳಿಯ ಮನೆಗಳಲ್ಲಿ ಒಂದೇ ಚಿಂತೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಬೇಕು, ಹಣವೆಲ್ಲಿ? ಎಕರೆ ಹೊಲ ಮಾರುವ, ಒಡವೆ ಅಡವಿಡುವ, ಕೈಸಾಲ ಎತ್ತುವ ಮಾತು ಆಗಲೇ ಹುಟ್ಟುತ್ತದೆ. ಮಕ್ಕಳು ಓದಲೆಂಬ ಆಸೆ ಒಳ್ಳೆಯದೇ. ಆದರೆ ಲೆಕ್ಕವಿಲ್ಲದ ಆಸೆ ಮನೆ ಮುರಿಯುತ್ತದೆ.

ಹೊಸ ತಳಿ ಬಿತ್ತುವ ಮುನ್ನ ಬೀಜ, ಗೊಬ್ಬರ, ಆಳಿನ ಖರ್ಚೆಷ್ಟು, ಇಳುವರಿಯೆಷ್ಟು, ಪೇಟೆಯ ಧಾರಣೆಯೆಷ್ಟು ಎಂದು ವಿಚಾರಿಸುತ್ತೀರಿ. ಪದವಿಗೂ ಅದೇ ಲೆಕ್ಕ ಹಾಕಿರಿ. ಶುಲ್ಕದ ಜೊತೆಗೆ ಹಾಸ್ಟೆಲ್, ಊಟ, ಪುಸ್ತಕ, ಬಸ್ ಚಾರ್ಜು, ಮನೆಗೆ ತಪ್ಪುವ ಒಂದು ಆಳಿನ ದುಡಿಮೆ, ಎಲ್ಲವನ್ನೂ ಕೂಡಿಸಿರಿ. ಓದಿದ ಮೇಲೆ ಕೆಲಸ ಸಿಗುವುದೇ, ಸಂಬಳವೆಷ್ಟು ಎಂಬುದನ್ನು ಜಾಹೀರಾತು ನೋಡಿ ನಂಬಬೇಡಿರಿ. ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ ನಾಲ್ಕಾರು ಮಂದಿಯನ್ನು ಕೇಳಿ ತಿಳಿಯಿರಿ.

ಇನ್ನು ಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 2 ಲಕ್ಷ ತಂದರೆ ವರ್ಷಕ್ಕೆ 72,000 ರೂ. ಬಡ್ಡಿ, ನಾಲ್ಕು ವರ್ಷಕ್ಕೆ 2,88,000 ರೂ. ಬಡ್ಡಿಯೇ ಅಸಲನ್ನು ಮೀರಿತು! ಅದೇ ಹಣಕ್ಕೆ ಬ್ಯಾಂಕಿನಲ್ಲಿ ಶೇಕಡಾ 10ರ ಸರಳ ಬಡ್ಡಿಯಾದರೆ ನಾಲ್ಕು ವರ್ಷಕ್ಕೆ 80,000 ರೂ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಜಮೀನಿನ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು. ಓದು ಮುಗಿದ ಮೇಲೆಯೇ ಕಂತು ಆರಂಭ. ಸೀಟು ಸಿಕ್ಕಿದ ವಾರವೇ ಪತ್ರಗಳೊಂದಿಗೆ ಬ್ಯಾಂಕಿಗೆ ಹೋಗಿರಿ. ವರಮಾನ ಕಡಿಮೆಯಿರುವ ಮನೆಗಳಿಗೆ ಬಡ್ಡಿ ಸಹಾಯಧನ ಉಂಟೇ ಎಂದು ಅಲ್ಲಿಯೇ ಕೇಳಿರಿ.

ಒಂದೇ ಪದವಿಗೆ ಎರಡು ಬೆಲೆ ಇರುವುದನ್ನೂ ಮರೆಯಬಾರದು. ಸಿ.ಇ.ಟಿ. ಮೂಲಕ ದೊರೆತ ಸರ್ಕಾರಿ ಸೀಟಿನ ಶುಲ್ಕಕ್ಕೂ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕಕ್ಕೂ ಅಜಗಜಾಂತರ. ಬಿ.ಎಸ್ಸಿ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿರಿ. ಎಲ್ಲರೂ ಪದವಿಯನ್ನೇ ಹಿಡಿಯಬೇಕೆಂದೂ ಇಲ್ಲ. ಎಸ್.ಎಸ್.ಎಲ್.ಸಿ. ನಂತರ ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಐ.ಟಿ.ಐ. ಇದೆ. ಕಡಿಮೆ ಖರ್ಚಿನ ಇಂಥ ಓದು ಬೇಗ ಕೈಗೆ ಕಸುಬು ಕೊಡುತ್ತದೆ.

ಮತ್ತೊಂದು ಮಾತು. ಮಗನ ಓದಿಗೆ ಹೊಲ ಮಾರಲು ಸಿದ್ಧರಾಗಿ, ಮಗಳ ಓದಿಗೆ ಹಣವಿಲ್ಲ ಎನ್ನುವುದು ನ್ಯಾಯವಲ್ಲ. ಅಂಕ ಯಾರದು ಹೆಚ್ಚು, ಆಸಕ್ತಿ ಯಾರದು ಎಂದು ನೋಡಿರಿ.

ತಕ್ಕ ವಿಷಯ, ತಕ್ಕ ಕಾಲೇಜು, ತಕ್ಕ ಬಡ್ಡಿ ಇದ್ದರೆ ಪದವಿಗೆ ಹಾಕಿದ ಹಣ ವ್ಯರ್ಥವಲ್ಲ. ಆದರೆ ಫೇಲಾದ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಮಾರಿದ ಹೊಲ ಮತ್ತೆ ಕೈಸೇರುವುದು ಕಷ್ಟ. ಆದ್ದರಿಂದ ಮಕ್ಕಳನ್ನು ಓದಿಸಿರಿ, ಹೊಲವನ್ನೂ ಉಳಿಸಿಕೊಳ್ಳಿರಿ.