ಪಡಿತರದ ತಕ್ಕಡಿ ಯುವಜನರ ಕಣ್ಣೆದುರಿಗಿರಲಿ



ಬೆಳೆಯನ್ನು ಕಳೆ, ಕೀಟಗಳಿಂದ ಕಾಪಾಡುವ ಬಗ್ಗೆ ನಾವು ಎಷ್ಟೋ ಸಲಹೆಗಳನ್ನು ನೀಡುತ್ತೇವೆ. ಬೆಳೆದ ಕಾಳು ಹಸಿದವರ ಮನೆ ಸೇರಿತೇ ಎಂದು ವಿಚಾರಿಸುವವರು ವಿರಳ. ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ನೀವು ಬೆಂಬಲ ಬೆಲೆಗೆ ಮಾರಿದ ರಾಗಿಯೇ ಪಡಿತರವಾಗಿ ಹಳ್ಳಿಗಳಿಗೆ ಮರಳುತ್ತದೆ. ಅಲ್ಲಿ ತೂಕ ತಪ್ಪಿದರೆ ನಿಮ್ಮ ದುಡಿಮೆಯ ಒಂದು ಪಾಲೂ ಪೋಲಾದಂತೆಯೇ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದವರಿಗೆ ತಿಂಗಳಿಗೆ ತಲಾ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. ಇದು ದಾನವಲ್ಲ, ಹಕ್ಕು. ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲಿಯೂ ಜಾಗೃತಿ ಸಮಿತಿ ಇರಬೇಕೆಂದೂ, ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಮಹಿಳೆಯರು, ನಿರ್ಗತಿಕರು ಅಥವಾ ಅಂಗವಿಕಲರಿಗೆ ಪ್ರಾತಿನಿಧ್ಯ ಸಿಗಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಯುವಜನರ ಹೆಸರು ಅಲ್ಲಿಲ್ಲ. ಆದರೆ ಈ ವರ್ಗಗಳಿಂದಲೇ ಓದಿದ ತರುಣ ತರುಣಿಯರನ್ನು ಆರಿಸಲು ಅಡ್ಡಿಯೇನು?

ಅವರು ದಾಸ್ತಾನು ಪುಸ್ತಕ ಓದಬಲ್ಲರು. ರಸೀತಿಯೊಡನೆ ತೂಕವನ್ನು ತಾಳೆ ನೋಡಬಲ್ಲರು. ದುಡಿದು ಬೆರಳು ಸವೆದು, ಯಂತ್ರ ಗುರುತು ಹಿಡಿಯದೆ ಬರಿಗೈಯಲ್ಲಿ ಮರಳುವ ಅಜ್ಜಿಯ ಪರವಾಗಿ ದೂರು ಬರೆಯಬಲ್ಲರು.

ಅಂಗಡಿಯವರು ನಮ್ಮವರೇ ಎಂಬ ದಾಕ್ಷಿಣ್ಯ ಹಿರಿಯರಾದ ನಮ್ಮ ಬಾಯಿ ಕಟ್ಟಿದೆ. ‘ಹುಡುಗರಿಗೇನು ತಿಳಿದೀತು’ ಎಂದು ಅವರ ಬಾಯಿಯನ್ನೂ ಕಟ್ಟುವುದು ಬೇಡ. ಮುಂದಿನ ಗ್ರಾಮಸಭೆಯಲ್ಲಿ ಅವರ ಹೆಸರನ್ನು ನೀವೇ ಸೂಚಿಸಿರಿ. ಅವರು ಪ್ರಶ್ನೆ ಕೇಳಿದ ದಿನ ಬೆನ್ನಿಗೆ ನಿಲ್ಲಿರಿ. ಇಲ್ಲವಾದರೆ ಸಮಿತಿ ಕಾಗದದಲ್ಲಿಯೇ ಉಳಿದೀತು.