ದವಡೆಹಲ್ಲು ಎನ್ನಲು ನಾಚಿಕೆ ಏಕೆ?

ಕನ್ನಡಿಗರೇ, ರಾಗಿಮುದ್ದೆಯನ್ನು ನುಂಗಿಬಿಡಬಹುದು. ಆದರೆ ಹುರಿಗಾಳು ಅರೆಯಲು ಬಾಯಿಯ ಹಿಂಬದಿಯ ಅಗಲವಾದ ಹಲ್ಲೇ ಬೇಕು. ಅದಕ್ಕೆ ನಮ್ಮ ಹಿರಿಯರು ದವಡೆಹಲ್ಲು ಎಂದರು. ದಂತವೈದ್ಯರು ‘ಮೋಲಾರ್’ ಎನ್ನುತ್ತಾರೆ. ಈ ದೊಡ್ಡ ಹೆಸರಿನ ಗುಟ್ಟೇನು ಗೊತ್ತೆ? ಲ್ಯಾಟಿನ್ನಿನಲ್ಲಿ ‘ಮೋಲ’ ಎಂದರೆ ಬೀಸುವ ಕಲ್ಲು, ಅಷ್ಟೆ! ರೋಮನ್ನರು ಬೀಸುಕಲ್ಲಿನ ಹೆಸರನ್ನು ಹಲ್ಲಿಗಿಟ್ಟರೆ ಅದು ಶಾಸ್ತ್ರ. ನಾವು ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದರೆ ಹಳ್ಳಿಮಾತೇ?

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ನಿಮ್ಮ ಮಗುವಿನ ಬಾಯಿಯ ಪ್ರಶ್ನೆ. ಹಾಲುಹಲ್ಲು ಒಟ್ಟು 20. ಅವುಗಳಲ್ಲಿ 8 ದವಡೆಹಲ್ಲುಗಳು. ಸುಮಾರು 10ರಿಂದ 12ನೇ ವಯಸ್ಸಿನಲ್ಲಿ ಇವು ಬಿದ್ದು ಬೇರೆ ಹಲ್ಲು ಬರುತ್ತವೆ. ಆದರೆ ಸುಮಾರು 6ನೇ ವಯಸ್ಸಿಗೇ ಇವುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಮೇಲೆ ಎರಡು ಕೆಳಗೆ ಎರಡು ಹೊಸ ದವಡೆಹಲ್ಲುಗಳು ಮೂಡುತ್ತವೆ. ಅವು ಶಾಶ್ವತ ಹಲ್ಲುಗಳು. ಹುಳುಕಾಗಿ ಕಿತ್ತರೆ ಮತ್ತೆ ಹುಟ್ಟುವುದಿಲ್ಲ.

ಅಂತರಸನಹಳ್ಳಿಯ ಮಾರುಕಟ್ಟೆಗೆ ತರಕಾರಿ ತರುವ ತಾಯಿಗೆ, ಅಲ್ಲಿನ ಕಾರ್ಖಾನೆಯಲ್ಲಿ ದುಡಿಯುವ ತಂದೆಗೆ “ಫಸ್ಟ್ ಪರ್ಮನೆಂಟ್ ಮೋಲಾರ್ ಡಿಕೇ ಆಗಿದೆ” ಎಂದರೆ ಏನು ತಿಳಿದೀತು? “ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡು” ಎಂದು ಸುಮ್ಮನಾಗುತ್ತಾರೆ. ಹಾಗೆಂದು ಬರೀ ‘ದವಡೆಹಲ್ಲು’ ಎಂದರೂ ಸಾಲದು. ಬೀಳುವುದಕ್ಕೂ ಉಳಿಯುವುದಕ್ಕೂ ಅದೇ ಹೆಸರು. “ಇದು ಆರು ವರ್ಷದ ದವಡೆಹಲ್ಲು, ಇನ್ನೊಮ್ಮೆ ಬರುವುದಿಲ್ಲ” ಎನ್ನಲಿ. ಓದುಬರಹ ಬಾರದವರಿಗೂ ಅರ್ಥವಾಗುತ್ತದೆ, ಹಲ್ಲು ಉಳಿಯುತ್ತದೆ!

ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರನ್ನು ಕೋರಿದರು. ಚೀಟಿಗಿಂತ ಮೊದಲು ಮಾತು ಕನ್ನಡವಾಗಬೇಕು. ತುಮಕೂರಿನಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ಅಲ್ಲಿ ಕಲಿಯುವವರು ಪರೀಕ್ಷೆಗೆ ‘ಮೋಲಾರ್’ ಬರೆಯಲಿ, ಬೇಡ ಎಂದವರಾರು? ರೋಗಿಯ ಮುಂದೆ ಮಾತ್ರ ದವಡೆಹಲ್ಲು ಎನ್ನಲಿ, ವಸಡು ಎನ್ನಲಿ, ಹುಳುಕು ಎನ್ನಲಿ. ಹೊರನಾಡಿನಿಂದ ಬಂದ ವೈದ್ಯರು ಈ ಹತ್ತಿಪ್ಪತ್ತು ಪದಗಳನ್ನು ಒಂದು ವಾರದಲ್ಲಿ ಕಲಿಯಬಹುದು.

ಬಂಧುಗಳೇ, ಅರ್ಥವಾಗದ ಮಾತಿಗೆ ತಲೆಯಾಡಿಸಿ ಮನೆಗೆ ಬರಬೇಡಿ. “ಯಾವ ಹಲ್ಲು? ಹಾಲುಹಲ್ಲೋ, ಉಳಿಯುವ ಹಲ್ಲೋ? ಕನ್ನಡದಲ್ಲಿ ಹೇಳಿ ಡಾಕ್ಟ್ರೇ” ಎಂದು ಗಟ್ಟಿಯಾಗಿ ಕೇಳಿ. ಉತ್ತರ ತಿಳಿದ ಮೇಲೆಯೇ ಕೀಳಲು ಒಪ್ಪಿಗೆ ಕೊಡಿ. ಅದು ನಿಮ್ಮ ಹಕ್ಕು!