ಜೊತೆಗೂಡಿ ಕೊಲ್ಲುವ ರೋಗಗಳು

ಸಾವಿಗೆ ಒಂದೇ ರೋಗವನ್ನು ಹೊಣೆಯಾಗಿಸುವುದು ನಮ್ಮ ರೂಢಿ. ಅದೆಷ್ಟು ತಪ್ಪೆಂಬುದಕ್ಕೆ 1918ರ ಇನ್‌ಫ್ಲುಯೆಂಜಾ ಸಾಕ್ಷಿ. ಅಂದು ಮಡಿದ ಅಮೆರಿಕದ ಸೈನಿಕರ ಶ್ವಾಸಕೋಶದ ಮಾದರಿಗಳನ್ನು ಅಲ್ಲಿನ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು: ಹೆಚ್ಚಿನವರನ್ನು ಕೊಂದದ್ದು ವೈರಸ್ಸಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ವೈರಸ್ ಶ್ವಾಸನಾಳದ ಒಳಪದರವನ್ನು ಕೆಡಿಸಿದೊಡನೆ, ಮೂಗು-ಗಂಟಲಲ್ಲಿ ತೆಪ್ಪಗಿದ್ದ ರೋಗಾಣುಗಳು ಕೆಳಗಿಳಿಯುತ್ತವೆ.

ನಮ್ಮ ಕೊಟ್ಟಿಗೆಗಳಲ್ಲೂ ಇದೇ ಕತೆ. ಕಾಲುಬಾಯಿ ಜ್ವರವೊಂದರಿಂದಲೇ ಬೆಳೆದ ದನ ಸಾಯುವುದು ಅಪರೂಪ. ಬಳಲಿದ ಮೈಗೆ ಗಂಟಲು ಊದಿಸುವ ಗಳಲೆ ರೋಗವೂ ಅಂಟಿದರೆ, ವೈದ್ಯರು ಬರುವ ಮೊದಲೇ ಅದು ನೆಲ ಕಚ್ಚಬಹುದು. ಹೈನನ್ನೇ ನಂಬಿದ ಮನೆಗೆ ಇದು ಚಿಕ್ಕ ನಷ್ಟವಲ್ಲ. ಕಾಲುಬಾಯಿ ಲಸಿಕೆ ಆಯಿತೆಂದು ಗಳಲೆ ಲಸಿಕೆಯನ್ನು ಮುಂದೂಡುವುದನ್ನು ನಾನು ಅರ್ಧ ಕೆಲಸವೆನ್ನುತ್ತೇನೆ. ಪಶುಸಂಗೋಪನಾ ಇಲಾಖೆ ಮುಂಗಾರಿಗೆ ಮುನ್ನ ಎರಡನ್ನೂ ಹಾಕಿ ಮುಗಿಸಬೇಕು.